ಖರ್ಜೂರದ ಮರದಡಿ ಕೂತ ಹೆಂಗಸು: ರೋಮನ್ನರ ವಿಜಯದ ನಾಣ್ಯಗಳನ್ನು ಓದುವ ಬಗೆ

ನಡುವೆ ಒಂದು ಖರ್ಜೂರದ ಮರ. ಅದರ ಬುಡದಲ್ಲಿ ಗಲ್ಲಕ್ಕೆ ಕೈಯಿಟ್ಟು ಕೂತ ಹೆಂಗಸು. ಮರದ ಇನ್ನೊಂದು ಪಕ್ಕದಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡು ನಿಂತ ಗಂಡಸು. ಸುತ್ತ ಹನ್ನೊಂದು ಅಕ್ಷರ: ಎಡಕ್ಕೆ 'ಯುಡೇಯಾ', ಬಲಕ್ಕೆ 'ಕ್ಯಾಪ್ಟಾ'. ಕ್ರಿ.ಶ. 71ರಲ್ಲಿ ರೋಮ್‌ನ ಟಂಕಸಾಲೆಯಲ್ಲಿ ಅಚ್ಚಾದ ಈ ಹಿತ್ತಾಳೆ ನಾಣ್ಯದ ಫೋಟೊ ಬಹಳ ಕಡೆ ಸಿಗುತ್ತದೆ. ಯುಡೇಯಾ ಎಂದರೆ ಜುಡೇಯಾ, ಜೆರುಸಲೇಮ್ ಸುತ್ತಲಿನ ಯಹೂದಿಗಳ ನಾಡು. ಹೆಚ್ಚಿನವರು ನಾಣ್ಯವನ್ನು ನೋಡಿ 'ಜುಡೇಯಾ ಸೋತಿತು' ಎಂದು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ನಿಜವಾದ ಓದು ಶುರುವಾಗುವುದು ಅಲ್ಲಿಂದ ಮುಂದೆ.

ಗೆದ್ದ ನಾಡನ್ನು, ಮಾಡಿದ ದಂಡಯಾತ್ರೆಯನ್ನು ನಾಣ್ಯದ ಮೇಲೆ ಕೆತ್ತುವುದು ನಮಗೂ ಹೊಸದಲ್ಲ. ಚೋಳರಿಂದ ತಲಕಾಡನ್ನು ಕಿತ್ತುಕೊಂಡ ಹೊಯ್ಸಳ ವಿಷ್ಣುವರ್ಧನ 'ಶ್ರೀ ತಳಕಾಡುಗೊಂಡ' ಎಂದು ಕನ್ನಡದಲ್ಲೇ ಬರೆಸಿ ಚಿನ್ನದ ನಾಣ್ಯ ಹೊರಡಿಸಿದ. ಆದರೆ ಒಂದು ವ್ಯತ್ಯಾಸ ಗಮನಿಸಿ. 'ಗೊಂಡ' ಎಂಬುದು ಗೆದ್ದವನ ಬಿರುದು. 'ಕ್ಯಾಪ್ಟಾ' ಎಂದರೆ 'ಸೆರೆಸಿಕ್ಕವಳು'; ಆ ಮಾತು ಸೋತವಳ ಬಗ್ಗೆ. ಲ್ಯಾಟಿನ್ನಿನಲ್ಲಿ ಇಂಥ ನಾಡುಗಳ ಹೆಸರು ಸ್ತ್ರೀಲಿಂಗ. ಹಾಗಾಗಿ ನಾಣ್ಯದ ಮೇಲೆ ನಾಡು ಹೆಂಗಸಾಗುತ್ತದೆ. ಅವಳ ಮೈಯ ಭಂಗಿಯಲ್ಲೇ ರೋಮ್ ತನ್ನ ಮಾತನ್ನೆಲ್ಲ ಹೇಳಿಬಿಡುತ್ತದೆ. ಆ ಮಾತನ್ನು ಬಿಡಿಸಿಕೊಳ್ಳಲು ನಾನು ಅನುಸರಿಸುವ ಕ್ರಮ ಇಲ್ಲಿದೆ. ಕೈಯಲ್ಲಿ ನಾಣ್ಯವೇ ಇರಬೇಕೆಂದಿಲ್ಲ, ಎರಡೂ ಮುಖದ ಸ್ಪಷ್ಟವಾದ ಫೋಟೊ ಇದ್ದರೆ ಸಾಕು.

ಮೊದಲು ಲೋಹ ಮತ್ತು ಗಾತ್ರ

ಚಿತ್ರಕ್ಕೆ ಮನಸೋಲುವ ಮುಂಚೆ ಇದು ಯಾವ ನಾಣ್ಯ ಎಂದು ಗೊತ್ತುಮಾಡಿಕೊಳ್ಳಿ. ಚಿನ್ನದ್ದು ಔರಿಯಸ್, ಬೆಳ್ಳಿಯದು ಡೆನೇರಿಯಸ್, ಹಿತ್ತಾಳೆಯ ದೊಡ್ಡ ನಾಣ್ಯ ಸೆಸ್ಟರ್ಶಿಯಸ್. ಒಂದು ಔರಿಯಸ್‌ಗೆ 25 ಡೆನೇರಿಯಸ್, ಒಂದು ಡೆನೇರಿಯಸ್‌ಗೆ 4 ಸೆಸ್ಟರ್ಶಿಯಸ್. ಜುಡೇಯಾ ನಾಣ್ಯ ಹೊರಡಿಸಿದ ಚಕ್ರವರ್ತಿ ವೆಸ್ಪಾಸಿಯನ್‌ನ ಕಾಲದ ಡೆನೇರಿಯಸ್ ಸುಮಾರು 18 ಮಿಲಿಮೀಟರ್ ಅಗಲ, ತೂಕ ಮೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತಲೂ ಚಿಕ್ಕದು. ಸೆಸ್ಟರ್ಶಿಯಸ್ 33 ಮಿಲಿಮೀಟರ್ ಆಸುಪಾಸು, ತೂಕ ಸುಮಾರು 25 ಗ್ರಾಂ; ಅಂಗೈಯಲ್ಲಿಟ್ಟರೆ ಭಾರ ತಿಳಿಯುತ್ತದೆ.

ಗಾತ್ರಕ್ಕೇಕೆ ಇಷ್ಟು ಮಹತ್ವ ಎಂದರೆ, ಕತೆ ಹೇಳಲು ಜಾಗ ಬೇಕು. ಮರ, ಹೆಂಗಸು, ಸೆರೆಯಾಳು, ಆಯುಧಗಳ ರಾಶಿ ಇವೆಲ್ಲ ಹಿಡಿಸುವುದು ಸೆಸ್ಟರ್ಶಿಯಸ್‌ನಲ್ಲಿ. ಅದೇ ಸಂಗತಿಯನ್ನು ಡೆನೇರಿಯಸ್‌ನಲ್ಲಿ ಹೇಳುವಾಗ ಕೆತ್ತನೆಗಾರ ಮರವನ್ನೂ ಗಂಡಸನ್ನೂ ಬಿಟ್ಟು, ಕೂತ ಹೆಂಗಸು ಮತ್ತು ಒಂದು ವಿಜಯಚಿಹ್ನೆಯನ್ನಷ್ಟೇ ಇಟ್ಟು, ಕೆಳಗೆ 'ಯುಡೇಯಾ' ಎಂಬ ಒಂದೇ ಪದ ಬರೆದಿದ್ದಾನೆ. ಹಿತ್ತಾಳೆ, ತಾಮ್ರದ ನಾಣ್ಯಗಳಲ್ಲಿ ಕಾಣುವ 'ಎಸ್ ಸಿ' ಎಂಬ ಎರಡು ಅಕ್ಷರ ಊರಿನ ಹೆಸರಲ್ಲ, 'ಸೆನೆಟ್‌ನ ತೀರ್ಮಾನದಂತೆ' ಎಂಬುದರ ಸಂಕ್ಷೇಪ. ಹೊಸಬರು ಅದಕ್ಕೆ ಅರ್ಥ ಹುಡುಕುತ್ತಾ ಹೊತ್ತು ಕಳೆಯುತ್ತಾರೆ.

ಮುಮ್ಮುಖದಲ್ಲಿ ಯಾರು, ಯಾವ ವರ್ಷ

ಚಕ್ರವರ್ತಿಯ ತಲೆಯಿರುವ ಬದಿಯಲ್ಲಿ ಬರಹ ಸಾಮಾನ್ಯವಾಗಿ ಎಡಗಡೆ ಕೆಳಗಿನಿಂದ ಶುರುವಾಗಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಪದಗಳ ನಡುವೆ ಬಿಡುವಿರುವುದಿಲ್ಲ. 'ಯು' ಅಕ್ಷರದ ಜಾಗದಲ್ಲಿ 'ವಿ', 'ಜೆ' ಜಾಗದಲ್ಲಿ 'ಐ' ಇರುತ್ತದೆ. ಜುಡೇಯಾ ಎಂಬ ಹೆಸರು ನಾಣ್ಯದಲ್ಲಿ ಐ-ವಿ-ಡಿ-ಎ-ಇ-ಎ ಎಂದು ಕಾಣುವುದು ಅದಕ್ಕೇ.

ವರ್ಷ ಹೇಳುವುದು ಬಿರುದುಗಳ ಸಾಲು. 'ಸಿ ಒ ಎಸ್' ಎಂದರೆ ಕಾನ್ಸಲ್ ಎಂಬ ರೋಮ್‌ನ ಉನ್ನತ ಪದವಿ, ಅದರ ಮುಂದಿನ ಗೆರೆಗಳು ಎಷ್ಟನೆಯ ಸಲ ಎಂಬ ಲೆಕ್ಕ. ವೆಸ್ಪಾಸಿಯನ್‌ಗೆ ಮೂರು ಗೆರೆ ಇದ್ದರೆ ಕ್ರಿ.ಶ. 71. 'ಟಿ ಆರ್ ಪಿ' ಎಂಬ ಇನ್ನೊಂದು ಅಧಿಕಾರ ವರ್ಷವರ್ಷವೂ ನವೀಕರಣವಾಗುತ್ತಿತ್ತು. ಅದರ ಮುಂದೆ ಅಂಕಿ ಇದ್ದರೆ ಲೆಕ್ಕ ಇನ್ನೂ ಖಚಿತ. ಆದರೆ ಕಾನ್ಸಲ್ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 119ರಲ್ಲಿ ಮೂರನೆಯ ಸಲ ಕಾನ್ಸಲ್ ಆದ, ಮತ್ತೆಂದೂ ಆಗಲಿಲ್ಲ. 138ರಲ್ಲಿ ಸಾಯುವವರೆಗೆ ಅವನ ನಾಣ್ಯದ ಮೇಲೆ ಅವೇ ಮೂರು ಗೆರೆ. ಅಲ್ಲಿ 'ಪಿ ಪಿ', ಅಂದರೆ 'ನಾಡಿನ ತಂದೆ' ಎಂಬ ಬಿರುದು ಇದೆಯೇ ನೋಡಬೇಕು. ಅದನ್ನು ಅವನು ಒಪ್ಪಿಕೊಂಡದ್ದು 128ರಲ್ಲಿ.

ದಂಡಯಾತ್ರೆಯ ಬಿರುದುಗಳೂ ಇದೇ ಸಾಲಿನಲ್ಲಿ ಸಿಗುತ್ತವೆ. ಹೇಡ್ರಿಯನ್‌ಗಿಂತ ಮುಂಚಿನ ಚಕ್ರವರ್ತಿ ಟ್ರೇಜನ್‌ನ ಹೆಸರಿಗೆ 97ರಲ್ಲಿ ಜರ್ಮಾನಿಕಸ್ (ಜರ್ಮನರನ್ನು ಗೆದ್ದವನು), 102ರ ಕೊನೆಯಲ್ಲಿ ಡೇಸಿಕಸ್ (ಈಗಿನ ರೊಮೇನಿಯಾದ ಕಡೆಯ ಡೇಸಿಯಾವನ್ನು ಗೆದ್ದವನು), 116ರಲ್ಲಿ ಪಾರ್ಥಿಕಸ್ (ಇರಾನಿನ ಕಡೆಯ ಪಾರ್ಥಿಯಾವನ್ನು ಗೆದ್ದವನು) ಸೇರುತ್ತಾ ಹೋಯಿತು. ಹಿಮ್ಮುಖ ಪೂರ್ತಿ ಸವೆದಿದ್ದರೂ 'ಡಿ ಎ ಸಿ' ಓದಲು ಸಿಕ್ಕರೆ ನಾಣ್ಯ ಮೊದಲನೆಯ ಡೇಸಿಯಾ ಯುದ್ಧದ ನಂತರದ್ದು ಎನ್ನಬಹುದು. ಆದರೆ ಕ್ಲಾಡಿಯಸ್ ಮತ್ತು ನೀರೊ ಹೆಸರಿನಲ್ಲಿ ಬರುವ ಜರ್ಮಾನಿಕಸ್ ಮನೆತನದಿಂದ ಬಂದ ಹೆಸರು, ಅವರು ಗೆದ್ದು ತಂದದ್ದಲ್ಲ. ಇಲ್ಲಿ ನಾನೂ ಮೊದಮೊದಲು ಎಡವಿದ್ದೇನೆ.

ಕ್ರಿಯಾಪದ ಹುಡುಕಿ

ನಾಣ್ಯ ತಿರುಗಿಸಿ. ನಾಡಿನ ಹೆಸರು ಸಿಕ್ಕ ಕೂಡಲೇ ನಿಲ್ಲಬೇಡಿ, ಅದರ ಪಕ್ಕದ ಪದ ನೋಡಿ. ಇಡೀ ಓದಿಗೆ ಕೀಲಿಕೈ ಆ ಪದ.

'ಕ್ಯಾಪ್ಟಾ' ಎಂದರೆ ಸೆರೆಸಿಕ್ಕದ್ದು. ಕ್ರಿ.ಪೂ. 28ರಲ್ಲಿ ಆಕ್ಟೇವಿಯನ್, ಅಂದರೆ ಮುಂದೆ ಅಗಸ್ಟಸ್ ಆದವನು, ಈಜಿಪ್ಟ್ ಗೆದ್ದದ್ದಕ್ಕೆ ಹೊರಡಿಸಿದ ಡೆನೇರಿಯಸ್‌ನಲ್ಲಿ ಈ ಪದದ ಜೊತೆ ಇರುವುದು ಒಂದು ಮೊಸಳೆ ಮಾತ್ರ. 'ರಿಸೆಪ್ಟಾ', 'ರಿಸೆಪ್ಟಿಸ್' ಎಂದರೆ ಮರಳಿ ಪಡೆದದ್ದು. ಕ್ರಿ.ಪೂ. 53ರಲ್ಲಿ ಕಾರ್ಹೆಯಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಸೋತಾಗ ಪಾರ್ಥಿಯನ್ನರ ಕೈಸೇರಿದ ಸೇನಾಧ್ವಜಗಳನ್ನು ಅಗಸ್ಟಸ್ ಕ್ರಿ.ಪೂ. 20ರಲ್ಲಿ ಯುದ್ಧವಿಲ್ಲದೆ, ಮಾತುಕತೆಯಿಂದ ಬಿಡಿಸಿಕೊಂಡ. ನಾಣ್ಯದಲ್ಲಿ ಮಾತ್ರ ಪಾರ್ಥಿಯನ್ ಮಂಡಿಯೂರಿ ಧ್ವಜ ಒಪ್ಪಿಸುತ್ತಿದ್ದಾನೆ. ಬರಹ ಸತ್ಯಕ್ಕೆ ಹತ್ತಿರವಿದೆ, ಚಿತ್ರ ದೂರ ಹೋಗಿದೆ. ಇಂಥ ಬಿರುಕು ಕಂಡಲ್ಲಿ ನಿಧಾನಿಸಿ ನೋಡಿ.

'ಅಡ್‌ಕ್ವಿಸಿಟಾ' ಎಂದರೆ ಸೇರಿಸಿಕೊಂಡದ್ದು. ಕ್ರಿ.ಶ. 106ರಲ್ಲಿ ಪೆಟ್ರಾದ ನಬಾಟಿಯನ್ ರಾಜ್ಯವನ್ನು ಟ್ರೇಜನ್ ವಶಮಾಡಿಕೊಂಡಾಗ ಅವನ ನಾಣ್ಯ ಆರಿಸಿಕೊಂಡದ್ದು ಈ ಪದವನ್ನು, 'ಕ್ಯಾಪ್ಟಾ'ವನ್ನಲ್ಲ. ಅದೇ ದೊರೆ ಡೇಸಿಯಾ ಮತ್ತು ಪಾರ್ಥಿಯಾಗಳಿಗೆ 'ಕ್ಯಾಪ್ಟಾ' ಬಳಸಿದ್ದಾನೆ. 'ಡೆವಿಕ್ಟಾ' ಎಂದರೆ ಸಂಪೂರ್ಣ ಸೋತದ್ದು. ಕಾನ್‌ಸ್ಟಂಟೈನ್‌ನ ಕಾಲದ ಚಿಕ್ಕ ಕಂಚಿನ ನಾಣ್ಯಗಳಲ್ಲಿ ಸರ್ಮೇಶಿಯಾ, ಅಲಮಾನಿಯಾಗಳ ಪಕ್ಕ ಬರುತ್ತದೆ. 'ಡೆ' ಎಂಬ ಕಿರುಪದಕ್ಕೆ 'ಇವರ ಮೇಲಿನ ಗೆಲುವಿಗೆ' ಎಂಬ ಅರ್ಥ. ಕ್ಲಾಡಿಯಸ್‌ನ 'ಡೆ ಬ್ರಿಟಾನ್' ನಾಣ್ಯದಲ್ಲಿ ಅದು ವಿಜಯತೋರಣದ ಮೇಲೆ ಕೆತ್ತಿದಂತಿದೆ. ಎರಡನೆಯ ಶತಮಾನದ 'ರೆಕ್ಸ್... ಡೇಟಸ್' ಎಂದರೆ 'ರಾಜನನ್ನು ಕೊಟ್ಟೆವು': ನಾಡನ್ನು ಆಳುವ ಬದಲು ತನ್ನ ಕೈಗೊಂಬೆಯೊಬ್ಬನನ್ನು ಅಲ್ಲಿ ಕೂರಿಸಿದ ಸಂಗತಿ.

ಹೇಡ್ರಿಯನ್‌ಗೆ ಬಂದಾಗ ಪದಕೋಶವೇ ಬದಲಾಗುತ್ತದೆ. 'ಅಡ್ವೆಂಟುಯಿ', ಅಂದರೆ ಚಕ್ರವರ್ತಿಯ ಆಗಮನಕ್ಕೆ. 'ರೆಸ್ಟಿಟುಟೋರಿ', ಅಂದರೆ ನಾಡನ್ನು ಎತ್ತಿ ನಿಲ್ಲಿಸಿದವನಿಗೆ. ಎಷ್ಟೋ ನಾಣ್ಯಗಳಲ್ಲಿ ಕ್ರಿಯಾಪದವೇ ಇಲ್ಲ, ನಾಡಿನ ಹೆಸರು ಮಾತ್ರ. ಪದ ಇಲ್ಲದಿರುವುದೂ ಒಂದು ಹೇಳಿಕೆ.

ಅವಳು ಹೇಗಿದ್ದಾಳೆ, ಅವಳ ಪಕ್ಕ ಏನಿದೆ

ನೆಲದ ಮೇಲೆ ಅಥವಾ ಆಯುಧಗಳ ಮೇಲೆ ಕೂತು ಗಲ್ಲಕ್ಕೆ ಕೈಕೊಟ್ಟಿದ್ದರೆ ಶೋಕ, ಸೋಲು. ನಾವು 'ತಲೆ ಮೇಲೆ ಕೈ ಹೊತ್ತು ಕೂತಳು' ಅನ್ನುತ್ತೇವಲ್ಲ, ಆ ಭಾವ. ಮಂಡಿಯೂರಿದ್ದರೆ ಯಾರ ಮುಂದೆ, ಕೈ ಹೇಗಿದೆ ನೋಡಿ. ಹೇಡ್ರಿಯನ್‌ನ 'ರೆಸ್ಟಿಟುಟೋರಿ' ನಾಣ್ಯಗಳಲ್ಲಿ ಚಕ್ರವರ್ತಿ ಕೈಹಿಡಿದು ಅವಳನ್ನು ಮೇಲೆತ್ತುತ್ತಿದ್ದಾನೆ. ನೆಟ್ಟಗೆ ನಿಂತಿದ್ದರೆ ಗೌರವ ಉಳಿದಿದೆ ಎಂದರ್ಥ. ಒರಗಿ ಆರಾಮವಾಗಿದ್ದರೆ ಸಮೃದ್ಧಿ.

ಬರಹ ಸವೆದಾಗ ಕೈಹಿಡಿಯುವುದು ಪಕ್ಕದ ವಸ್ತು. ಹೇಡ್ರಿಯನ್ ಮಾಲೆಯಲ್ಲಿ ಹಿಸ್ಪಾನಿಯಾ, ಅಂದರೆ ಸ್ಪೇನ್, ಆಲಿವ್ ರೆಂಬೆ ಹಿಡಿದು ಒರಗಿರುತ್ತಾಳೆ, ಜೊತೆಗೊಂದು ಮೊಲ. ಆಫ್ರಿಕಾ ತಲೆಗೆ ಆನೆಯ ಮುಖದ ತೊಗಲು ತೊಟ್ಟು ಕೈಯಲ್ಲಿ ಚೇಳು ಹಿಡಿದಿರುತ್ತಾಳೆ, ಪಕ್ಕದಲ್ಲಿ ತೆನೆ ತುಂಬಿದ ಬುಟ್ಟಿ. ರೋಮ್‌ನ ಅನ್ನ ಬರುತ್ತಿದ್ದದ್ದು ಅಲ್ಲಿಂದ. ಈಜಿಪ್ಟ್‌ಗೆ ಐಸಿಸ್ ಪೂಜೆಯ ಗಿಲಕಿ ಮತ್ತು ಐಬಿಸ್ ಹಕ್ಕಿ. ಡೇಸಿಯಾಗೆ ಬಾಗಿದ ಕತ್ತಿ. ಬ್ರಿಟಾನಿಯಾಗೆ ಬಂಡೆ, ಈಟಿ, ನಡುವೆ ಮೊನೆಯಿರುವ ದೊಡ್ಡ ಗುರಾಣಿ. ಆ ಬ್ರಿಟಾನಿಯಾಳನ್ನೇ 1672ರಲ್ಲಿ ಎರಡನೆಯ ಚಾರ್ಲ್ಸ್ ಇಂಗ್ಲೆಂಡಿನ ತಾಮ್ರದ ನಾಣ್ಯದ ಮೇಲೆ ಮತ್ತೆ ಕೂರಿಸಿದ.

ವಿಜಯಚಿಹ್ನೆಯ ಬಗ್ಗೆ ಎಚ್ಚರ. ಮರದ ಕಂಬಕ್ಕೆ ಶತ್ರುವಿನ ಕವಚ, ಶಿರಸ್ತ್ರಾಣ, ಗುರಾಣಿ ತೊಡಿಸಿ ನಿಲ್ಲಿಸುವ ಪದ್ಧತಿ ಅದು. ನೋಡಲು ನಮ್ಮ ಹೊಲದ ಬೆದರುಬೊಂಬೆಯಂತಿರುತ್ತದೆ. ಸವೆದ ಡೆನೇರಿಯಸ್‌ನಲ್ಲಿ ಅದನ್ನು ನಿಂತ ಸೈನಿಕ ಎಂದು ಓದುವುದು ಸುಲಭ. ಕಾಲು ಎರಡಿದ್ದರೆ ಮನುಷ್ಯ, ಒಂದೇ ಕಂಬವಿದ್ದರೆ ವಿಜಯಚಿಹ್ನೆ.

ಒಂದೇ ಪ್ರಾಣಿಯನ್ನು ಎರಡು ಕಾಲದಲ್ಲಿ ಹೋಲಿಸಿದರೆ ಭಂಗಿಯ ಬೆಲೆ ತಿಳಿಯುತ್ತದೆ. ಕ್ರಿ.ಪೂ. 58ರ ಡೆನೇರಿಯಸ್ ಒಂದರಲ್ಲಿ ನಬಾಟಿಯನ್ ರಾಜ ಅರೆಟಾಸ್ ಒಂಟೆಯ ಪಕ್ಕ ಮಂಡಿಯೂರಿ ಆಲಿವ್ ರೆಂಬೆ ಚಾಚಿದ್ದಾನೆ. ನಾಣ್ಯ ಹೊರಡಿಸಿದ ರೋಮನ್ ಅಧಿಕಾರಿ ಸ್ಕಾರಸ್ ಅವನನ್ನು ನಿಜವಾಗಿ ಬಗ್ಗಿಸಿರಲಿಲ್ಲ. 300 ಟ್ಯಾಲೆಂಟ್ ಬೆಳ್ಳಿ ತೆಗೆದುಕೊಂಡು ಹಿಂತಿರುಗಿದ್ದ. ಟ್ರೇಜನ್‌ನ ನಾಣ್ಯದಲ್ಲೂ ಒಂಟೆ ಇದೆ, ಪುಟ್ಟದಾಗಿ, ಕಾಲ ಬಳಿ. ಅರೇಬಿಯಾ, ಅಂದರೆ ಅದೇ ನಬಾಟಿಯನ್ ನಾಡು, ಮಾತ್ರ ನಿಂತಿದ್ದಾಳೆ, ಕೈಯಲ್ಲಿ ರೆಂಬೆ. ರಾಜ್ಯ ನಿಜಕ್ಕೂ ಕೈಸೇರಿದಾಗ ಮಂಡಿಯೂರಿಸುವ ಅಗತ್ಯ ಕಾಣಲಿಲ್ಲ.

ಒಂದು ಮರವನ್ನು ಹಿಂಬಾಲಿಸಿ

ಈಗ ಮತ್ತೆ ಖರ್ಜೂರದ ಮರಕ್ಕೆ. ಬಿಡಿ ನಾಣ್ಯ ಓದಲು ಬಂದ ಮೇಲೆ ಒಂದೇ ಚಿಹ್ನೆಯನ್ನು ದಶಕಗಳುದ್ದಕ್ಕೂ ಹಿಂಬಾಲಿಸುವುದು ಮುಂದಿನ ಹೆಜ್ಜೆ. ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಕೆಲಸವೂ ಅದೇ.

ಮೊದಲನೆಯದು ವೆಸ್ಪಾಸಿಯನ್‌ನ 71ರ ಸೆಸ್ಟರ್ಶಿಯಸ್. ಅದರ ಇನ್ನೊಂದು ಬಗೆಯಲ್ಲಿ ಕೈಕಟ್ಟಿದ ಗಂಡಸಿನ ಜಾಗದಲ್ಲಿ ಚಕ್ರವರ್ತಿಯೇ ನಿಂತಿದ್ದಾನೆ, ಈಟಿ ಹಿಡಿದು, ಒಂದು ಕಾಲನ್ನು ಶಿರಸ್ತ್ರಾಣದ ಮೇಲಿಟ್ಟು. ಹೆಂಗಸು ಅವನಿಗೆ ಬೆನ್ನು ತಿರುಗಿಸಿ ಕೂತಿದ್ದಾಳೆ. ಈಗ ಕೇಳಬೇಕಾದ ಪ್ರಶ್ನೆ: ಜುಡೇಯಾ ಆಗ ಹೊಸದಾಗಿ ಗೆದ್ದ ನಾಡೇ? ಅಲ್ಲ. ಅದು ಕ್ರಿ.ಶ. 6ರಿಂದಲೇ ರೋಮ್‌ನ ಪ್ರಾಂತ್ಯ. ಅಲ್ಲಿನ ಜನ 66ರಲ್ಲಿ ದಂಗೆಯೆದ್ದರು, 70ರಲ್ಲಿ ವೆಸ್ಪಾಸಿಯನ್‌ನ ಮಗ ಟೈಟಸ್ ಜೆರುಸಲೇಮನ್ನು ಹಿಡಿದ, ದೇವಾಲಯ ಸುಟ್ಟುಹೋಯಿತು. ತನ್ನದೇ ಪ್ರಜೆಗಳ ದಂಗೆ ಅಡಗಿಸಿದ್ದನ್ನು ನಾಣ್ಯ ಪರನಾಡಿನ ಜಯವೆಂದು ಸಾರುತ್ತಿದೆ. ಯಾಕೆಂದರೆ ವೆಸ್ಪಾಸಿಯನ್ ಗದ್ದುಗೆ ಏರಿದ್ದು 69ರ ಅಂತರ್ಯುದ್ಧದಲ್ಲಿ, ರೋಮನ್ನರನ್ನೇ ಕೊಂದು. ಅದನ್ನು ಹಬ್ಬ ಮಾಡುವಂತಿರಲಿಲ್ಲ. ದೊಡ್ಡ ಮನೆತನದ ಬೆಂಬಲವಿಲ್ಲದ ಹೊಸ ದೊರೆಗೆ ಒಂದು ಹೊರಗಿನ ಗೆಲುವು ಬೇಕಿತ್ತು, ಜುಡೇಯಾ ಆ ಬೆಲೆ ತೆತ್ತಳು. ಸ್ಥಳೀಯರು ಓದಲೆಂದು ಅದೇ ಪ್ರಾಂತ್ಯದ ಸಿಸೇರಿಯಾ ಪಟ್ಟಣದಲ್ಲಿ ಇದೇ ಮಾತನ್ನು ಗ್ರೀಕ್‌ನಲ್ಲೂ ಅಚ್ಚು ಹಾಕಿಸಿದರು.

ಎರಡನೆಯದು ನರ್ವಾ ಚಕ್ರವರ್ತಿಯದು, ಕ್ರಿ.ಶ. 96. ಮರ ಮಾತ್ರ ಇದೆ. ಹೆಂಗಸಿಲ್ಲ, ಸೆರೆಯಾಳಿಲ್ಲ. ಬರಹದ ತಾತ್ಪರ್ಯ: 'ಯಹೂದಿ ತೆರಿಗೆಯ ಹೆಸರಿನ ಸುಳ್ಳು ದೂರುಗಳನ್ನು ತೆಗೆದುಹಾಕಲಾಗಿದೆ.' ದೇವಾಲಯ ಸುಟ್ಟ ಮೇಲೆ ಯಹೂದಿಗಳು ಅದಕ್ಕೆ ಕೊಡುತ್ತಿದ್ದ ಕಾಣಿಕೆಯನ್ನು ವೆಸ್ಪಾಸಿಯನ್ ರೋಮ್‌ನ ಜುಪಿಟರ್ ಗುಡಿಯ ಹೆಸರಿಗೆ ತೆರಿಗೆಯಾಗಿ ತಿರುಗಿಸಿದ್ದ. ವೆಸ್ಪಾಸಿಯನ್‌ನ ಇನ್ನೊಬ್ಬ ಮಗ, ಚಕ್ರವರ್ತಿ ಡೊಮಿಶಿಯನ್ ಕಾಲದಲ್ಲಿ ಅದರ ವಸೂಲಿ ಕಿರುಕುಳವಾಗಿತ್ತು. ತೆರಿಗೆ ಹೋಗಲಿಲ್ಲ, ಕಿರುಕುಳ ನಿಂತಿತು ಎಂಬುದನ್ನು ಹೇಳಲು ಆ ಮರವೇ ಬಂತು.

ಮೂರನೆಯದು ಹೇಡ್ರಿಯನ್‌ನ ಆಗಮನದ ನಾಣ್ಯ, ಅವನು ಸುಮಾರು 130ರಲ್ಲಿ ಅಲ್ಲಿಗೆ ಭೇಟಿಕೊಟ್ಟದ್ದಕ್ಕೆ ಸಂಬಂಧಿಸಿದ್ದು. ಜುಡೇಯಾ ಅವನೆದುರು ನಿಂತಿದ್ದಾಳೆ, ಜೊತೆಗಿರುವ ಮಕ್ಕಳ ಕೈಯಲ್ಲಿ ಖರ್ಜೂರದ ಗರಿ. ಸ್ವಾಗತದ ಚಿತ್ರ.

ನಾಲ್ಕನೆಯದು ರೋಮ್‌ನದಲ್ಲ. 132ರಲ್ಲಿ ಬಾರ್ ಕೊಖ್ಬಾನ ನೇತೃತ್ವದಲ್ಲಿ ಮತ್ತೆ ದಂಗೆಯೆದ್ದ ಯಹೂದಿಗಳು ರೋಮನ್ ಆಡಳಿತದ ನಾಣ್ಯಗಳನ್ನೇ ಹಿಡಿದು, ಅವುಗಳ ಮೇಲೆ ತಮ್ಮ ಅಚ್ಚು ಒತ್ತಿದರು. ಅವರ ಕಂಚಿನ ನಾಣ್ಯಗಳಲ್ಲಿ ಏಳು ಗರಿಗಳ ಖರ್ಜೂರದ ಮರವಿದೆ. ಒಳ್ಳೆಯ ಫೋಟೊ ಸಿಕ್ಕರೆ ದೊಡ್ಡದು ಮಾಡಿ ನೋಡಿ: ಗರಿಗಳ ಸಂದಿಯಲ್ಲಿ ಹಳೆಯ ನಾಣ್ಯದ ಅಳಿಯದ ಅಕ್ಷರ, ಕೆಲವೊಮ್ಮೆ ಚಕ್ರವರ್ತಿಯ ಮುಖದ ಗೆರೆ ಉಳಿದಿರುತ್ತದೆ. ಆ ಗೆರೆಯನ್ನು ಮೊದಲ ಸಲ ಕಂಡಾಗ ನಾನು ಬಹಳ ಹೊತ್ತು ಪುಟ ತಿರುಗಿಸದೆ ಕೂತಿದ್ದೆ.

ಐದನೆಯದು ಇಲ್ಲ. 135ರಲ್ಲಿ ದಂಗೆ ಅಡಗಿತು, ಪ್ರಾಂತ್ಯದ ಹೆಸರನ್ನೇ ಸಿರಿಯಾ ಪ್ಯಾಲೆಸ್ಟೀನಾ ಎಂದು ಬದಲಾಯಿಸಿದರು. ಆದರೆ ಹೇಡ್ರಿಯನ್ ಅದಕ್ಕೆ 'ಕ್ಯಾಪ್ಟಾ' ನಾಣ್ಯ ಹೊರಡಿಸಲಿಲ್ಲ. ರೋಮನ್ನರೂ ಅಷ್ಟೊಂದು ಜನ ಸತ್ತಿದ್ದರು. ಸೆನೆಟ್‌ಗೆ ಬರೆಯುವಾಗ ಹೇಡ್ರಿಯನ್ 'ನಾನೂ ಸೇನೆಯೂ ಕ್ಷೇಮ' ಎಂಬ ವಾಡಿಕೆಯ ಮಾತನ್ನು ಬಿಟ್ಟನೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೊ ದಾಖಲಿಸಿದ್ದಾನೆ.

ನಾಣ್ಯದ ಮಾತನ್ನು ಘಟನೆಯ ಪಕ್ಕ ಇಡಿ

ಪ್ರತಿ ನಾಣ್ಯಕ್ಕೂ ಒಂದು ಹಾಳೆಯಲ್ಲಿ ಎರಡು ಕಲಂ ಮಾಡಿ: ನಾಣ್ಯ ಏನನ್ನುತ್ತದೆ, ಬೇರೆ ಆಧಾರಗಳು ಏನನ್ನುತ್ತವೆ. 116ರ 'ಪಾರ್ಥಿಯಾ ಕ್ಯಾಪ್ಟಾ' ಔರಿಯಸ್ ಪಕ್ಕ ಬರೆಯಬೇಕಾದ್ದು: ಮರುವರ್ಷ ಟ್ರೇಜನ್ ಸತ್ತ, ಹೇಡ್ರಿಯನ್ ಆ ನೆಲವನ್ನೆಲ್ಲ ಬಿಟ್ಟುಕೊಟ್ಟ. ಡೊಮಿಶಿಯನ್‌ನ 85ರ 'ಜರ್ಮಾನಿಯಾ ಕ್ಯಾಪ್ಟಾ' ಪಕ್ಕ ಬರೆಯಬೇಕಾದ್ದು: ಅವನ ಮೆರವಣಿಗೆಯಲ್ಲಿ ಸೆರೆಯಾಳುಗಳೆಂದು ತೋರಿಸಿದ್ದು ಕೊಂಡುತಂದು ವೇಷಹಾಕಿಸಿದ ಗುಲಾಮರನ್ನು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಹೇಳುತ್ತಾನೆ. ಟ್ಯಾಸಿಟಸ್‌ಗೆ ಡೊಮಿಶಿಯನ್‌ನನ್ನು ಕಂಡರಾಗುತ್ತಿರಲಿಲ್ಲ ಎಂಬುದನ್ನೂ ಅದೇ ಕಲಮಿನಲ್ಲಿ ಬರೆದಿಡಿ. ನಾಣ್ಯ ಸುಳ್ಳು, ಪುಸ್ತಕ ಸತ್ಯ ಎಂದು ಹೊರಟರೆ ಇನ್ನೊಂದು ಹಳ್ಳಕ್ಕೆ ಬೀಳುತ್ತೀರಿ.

ಹೋಲಿಕೆ ಮತ್ತು ನಕಲಿ

ನಿಮ್ಮ ಓದನ್ನು ಪರೀಕ್ಷಿಸಲು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ 'ಓಸಿಆರ್‌ಇ' ಎಂಬ ಉಚಿತ ಆನ್‌ಲೈನ್ ಭಂಡಾರವಿದೆ. ಚಕ್ರವರ್ತಿಯ ಹೆಸರು, ಲೋಹ, ಬರಹದ ತುಣುಕು ಕೊಟ್ಟರೆ ಹೊಂದುವ ನಾಣ್ಯಗಳು ಫೋಟೊ ಸಮೇತ ಬರುತ್ತವೆ. ಮೊದಲು ನೀವೇ ಓದಿ, ಬರೆದಿಟ್ಟು, ಆಮೇಲೆ ಹುಡುಕಿ. ಉತ್ತರ ನೋಡಿ ಲೆಕ್ಕ ಮಾಡಿದರೆ ಕಣ್ಣು ಪಳಗುವುದಿಲ್ಲ. ನಾಣ್ಯವೇ ಎದುರಿಗಿದ್ದರೆ ಕೋಣೆಯ ದೀಪ ಆರಿಸಿ ಟಾರ್ಚನ್ನು ಒಂದು ಪಕ್ಕದಿಂದ, ಬಹಳ ಕೆಳಮಟ್ಟದಲ್ಲಿ ಹಿಡಿಯಿರಿ. ಸವೆದ ಅಕ್ಷರಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಉಪ್ಪು, ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹಸಿರುಗಪ್ಪು ಪದರದ ಜೊತೆ ಅಕ್ಷರಗಳೂ ಹೋಗುತ್ತವೆ.

ಜುಡೇಯಾ ನಾಣ್ಯಕ್ಕೆ ಬೇಡಿಕೆ ಹೆಚ್ಚು, ಹಾಗಾಗಿ ನಕಲಿಯೂ ಹೆಚ್ಚು. ಅಂಚಿನಲ್ಲಿ ಸುತ್ತಲೂ ಹಾಯುವ ಕೂಡುಗೆರೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಸೋಪಿನಂತೆ ನುಣುಪಾದ ಅಕ್ಷರಗಳು ಕಂಡರೆ ಅದು ಎರಕ ಹೊಯ್ದದ್ದು. ರೋಮನ್ ಟಂಕಸಾಲೆಯಲ್ಲಿ ಸುತ್ತಿಗೆಯಿಂದ ಹೊಡೆದು ಅಚ್ಚು ಒತ್ತುತ್ತಿದ್ದರು. ತೂಕ ನೋಡುವುದನ್ನು ಮರೆಯಬೇಡಿ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಪಾಡುವಾದ ಜೊವಾನ್ನಿ ದ ಕವೀನೊ ಮಾಡಿದ ಸೆಸ್ಟರ್ಶಿಯಸ್ ಅನುಕರಣೆಗಳಂತೂ ಎಷ್ಟು ಚೆನ್ನಾಗಿವೆಯೆಂದರೆ ಈಗ ಅವನ್ನೇ ಸಂಗ್ರಹಿಸುವವರಿದ್ದಾರೆ.

ನಮ್ಮ ನೆಲದಲ್ಲಿ ಸಿಕ್ಕ ರೋಮನ್ ನಾಣ್ಯಗಳು

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದ ಬಳಿ ರೋಮನ್ ಡೆನೇರಿಯಸ್‌ಗಳು ಸಿಕ್ಕಿವೆ. ಭಾರತದಲ್ಲಿ ಹೆಚ್ಚಾಗಿ ಸಿಗುವ ಅಗಸ್ಟಸ್‌ನ ಬಗೆಯೊಂದರಲ್ಲಿ ಇಬ್ಬರು ಯುವಕರು ಗುರಾಣಿಗಳ ಮೇಲೆ ಕೈಯಿಟ್ಟು ನಿಂತಿರುತ್ತಾರೆ, ಹಿಂದೆ ಈಟಿಗಳು. ಇದನ್ನು ಯುದ್ಧದ ನಾಣ್ಯ ಎಂದು ಓದುವ ಆಸೆ ಯಾರಿಗೂ ಆಗುತ್ತದೆ. ಆದರೆ ಮೇಲಿನ ಕ್ರಮದಲ್ಲಿ ಹೋಗಿ: ಕ್ರಿಯಾಪದವಿಲ್ಲ, ನಾಡಿನ ಹೆಸರಿಲ್ಲ, ಸೋತವರಿಲ್ಲ. ಅವರು ಅಗಸ್ಟಸ್ ದತ್ತು ತೆಗೆದುಕೊಂಡ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್. ಗುರಾಣಿ, ಈಟಿಗಳು ಅವರಿಗೆ ಸಂದ ಗೌರವದ ಕೊಡುಗೆ. ಉತ್ತರಾಧಿಕಾರಿಗಳನ್ನು ಪರಿಚಯಿಸುವ ನಾಣ್ಯ ಅದು.

ಹೊಲದಲ್ಲಿ, ಪಾಯ ತೋಡುವಾಗ ಇಂಥದ್ದೇನಾದರೂ ಸಿಕ್ಕರೆ ತೊಳೆಯದೆ, ಗಡಿಗೆಯೊಳಗಿದ್ದರೆ ಗಡಿಗೆಯ ಸಮೇತ, ಸಿಕ್ಕ ಜಾಗದ ಫೋಟೊ ತೆಗೆದು ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ. ನಿಧಿ ಕಾಯ್ದೆ ಹೇಳುವುದು ಅದನ್ನೇ. ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಕಳೆದುಹೋದರೆ ನಾಣ್ಯದ ಅರ್ಧ ಮಾತು ಹೋದಂತೆ.

ಅಭ್ಯಾಸಕ್ಕೆ ಈ ಮೂರನ್ನು ಇದೇ ಕ್ರಮದಲ್ಲಿ ತೆಗೆದುಕೊಳ್ಳಿ: ವೆಸ್ಪಾಸಿಯನ್‌ನ ಜುಡೇಯಾ ಡೆನೇರಿಯಸ್, ಟ್ರೇಜನ್‌ನ ಅರೇಬಿಯಾ, ಹೇಡ್ರಿಯನ್‌ನ ಹಿಸ್ಪಾನಿಯಾ. ಮೂವರು ಹೆಂಗಸರು, ಒಬ್ಬಳು ಶೋಕದಲ್ಲಿ ಕೂತವಳು, ಒಬ್ಬಳು ನಿಂತವಳು, ಒಬ್ಬಳು ಒರಗಿದವಳು. ಬರಹ ಮುಚ್ಚಿಟ್ಟು ಭಂಗಿಯನ್ನಷ್ಟೇ ನೋಡಿ ಯಾವುದು ಯಾರದೆಂದು ಬರೆಯಿರಿ, ಆಮೇಲೆ ಕೈ ತೆಗೆದು ಅಕ್ಷರ ಓದಿ.